ಗ್ಯಾಂತ್ಸೆ ಅಂಚೆಯ ಹಸ್ತಾಂತರ: ಟಿಬೆಟ್ಟಿನಲ್ಲಿದ್ದ ಭಾರತೀಯ ಅಂಚೆ ಕಚೇರಿಗಳು ಮುಚ್ಚಿದ ಪ್ರಕರಣ

1955ರ ಏಪ್ರಿಲ್ 1ರಂದು ಲಾಸಾದಲ್ಲಿ ಭಾರತ ಮತ್ತು ಚೀನಾದ ಪ್ರತಿನಿಧಿಗಳು ಒಂದು ಹಸ್ತಾಂತರ ಪತ್ರಕ್ಕೆ ಸಹಿ ಹಾಕಿದರು. ದಕ್ಷಿಣ ಟಿಬೆಟ್ಟಿನ ಊರುಗಳಾದ ಯಾತುಂಗ್, ಫಾರಿ ಮತ್ತು ಗ್ಯಾಂತ್ಸೆಗಳಲ್ಲಿ ಸುಮಾರು ಅರ್ಧ ಶತಮಾನದಿಂದ ಭಾರತದ ಅಂಚೆ ತಂತಿ ಇಲಾಖೆ ನಡೆಸಿಕೊಂಡು ಬಂದಿದ್ದ ಅಂಚೆ, ತಂತಿ ಮತ್ತು ಸಾರ್ವಜನಿಕ ದೂರವಾಣಿ ಸೇವೆಗಳೂ ದಾರಿಯುದ್ದಕ್ಕೂ ಇದ್ದ ಹನ್ನೆರಡು ವಿಶ್ರಾಂತಿಗೃಹಗಳೂ ಅಂದಿಗೆ ಚೀನಾದ ವಶವಾದವು. ಹಿಂದಿನ ವರ್ಷ ಎರಡೂ ಸರ್ಕಾರಗಳು ವಿನಿಮಯ ಮಾಡಿಕೊಂಡ ಪತ್ರಗಳಲ್ಲಿ ಈ ಸೇವೆಗಳಿಗೆ ‘ನ್ಯಾಯವಾದ ಬೆಲೆ’ ಪಡೆಯುವ ಮಾತಿತ್ತು. ಕೊನೆಗೆ ಭಾರತ ಅಂಚೆ ಮತ್ತು ತಂತಿಯ ಸಲಕರಣೆಗಳನ್ನು ಸದ್ಭಾವನೆಯ ಸಂಕೇತವೆಂದು ಬೆಲೆ ಪಡೆಯದೆಯೇ ಬಿಟ್ಟುಕೊಟ್ಟಿತು.

ಈ ಘಟನೆಯನ್ನು ನಮ್ಮಲ್ಲಿ ಎರಡು ಬಗೆಯಲ್ಲಿ ಹೇಳುವುದು ರೂಢಿ. ವಸಾಹತುಶಾಹಿಯ ಪಳೆಯುಳಿಕೆಯನ್ನು ಸ್ವತಂತ್ರ ಭಾರತ ಗೌರವದಿಂದ ಕಳಚಿಕೊಂಡಿತು ಎನ್ನುವವರು ಕೆಲವರು; ಕೈಯಲ್ಲಿದ್ದ ದಾಳವನ್ನು ಆಡದೆಯೇ ಎದುರಾಳಿಗೆ ಕೊಟ್ಟುಬಿಟ್ಟಿತು ಎನ್ನುವವರು ಇನ್ನು ಕೆಲವರು. ಆ ಅಂಚೆ ಕಚೇರಿಗಳು ಅಲ್ಲಿಗೆ ಹೇಗೆ ಬಂದವು, ಯಾವ ಷರತ್ತಿನ ಮೇಲೆ ಉಳಿದುಕೊಂಡಿದ್ದವು ಎಂಬುದನ್ನು ಎರಡೂ ವಾದಗಳು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ. 1908ರ ವಾಣಿಜ್ಯ ನಿಯಮಾವಳಿಯ ಒಂದು ಕಲಮನ್ನು 1955ರ ಹಸ್ತಾಂತರದ ಪಕ್ಕದಲ್ಲಿಟ್ಟು ಓದಿದರೆ, ಉಡುಗೊರೆಯಾಗಿ ಕೊಟ್ಟದ್ದು ಅವಧಿ ತೀರುತ್ತಾ ಬಂದಿದ್ದ ಒಂದು ಹಕ್ಕು ಎಂಬುದು ತಿಳಿಯುತ್ತದೆ.

ಸೈನ್ಯದ ಬೆನ್ನಿಗೆ ಬಂದ ಟಪಾಲು

1903–04ರಲ್ಲಿ ಲಾರ್ಡ್ ಕರ್ಜನ್ ಟಿಬೆಟ್ಟಿಗೆ ಸೇನಾ ನಿಯೋಗವನ್ನು ಕಳುಹಿಸಲು ಮುಖ್ಯ ಕಾರಣ ರಷ್ಯಾದ ಬಗೆಗಿನ ಅನುಮಾನ. ಹದಿಮೂರನೆಯ ದಲಾಯಿ ಲಾಮಾ ಅವರ ಸಮೀಪವರ್ತಿಯಾಗಿದ್ದ, ರಷ್ಯಾದ ಪ್ರಜೆಯಾಗಿದ್ದ ಬುರ್ಯಾತ್ ಭಿಕ್ಷು ದೋರ್ಜಿಯೆವ್ ಲಾಸಾಕ್ಕೂ ಸೇಂಟ್ ಪೀಟರ್ಸ್‌ಬರ್ಗ್‌ಗೂ ನಡುವೆ ಓಡಾಡುತ್ತಿದ್ದುದು ಕಲ್ಕತ್ತೆಯ ಅಧಿಕಾರಿಗಳ ನಿದ್ದೆ ಕೆಡಿಸಿತ್ತು. ಯಂಗ್‌ಹಸ್‌ಬೆಂಡ್ ನೇತೃತ್ವದ ಪಡೆ ಸಿಕ್ಕಿಂ ಮತ್ತು ಭೂತಾನಿನ ನಡುವೆ ಚಾಚಿದ ಚುಂಬಿ ಕಣಿವೆಯನ್ನು ದಾಟಿ, ಫಾರಿ ಮತ್ತು ಗ್ಯಾಂತ್ಸೆಗಳ ಮೂಲಕ ಲಾಸಾ ತಲುಪಿತು. ಆ ಪಡೆಯ ಜೊತೆಗೇ ಭಾರತದ ಸೇನಾ ಅಂಚೆಯೂ ತಂತಿ ಕಂಬಗಳೂ ಬೆಟ್ಟ ಹತ್ತಿದವು. 1904ರ ಸೆಪ್ಟೆಂಬರ್ 7ರ ಲಾಸಾ ಒಡಂಬಡಿಕೆ ಗ್ಯಾಂತ್ಸೆ, ಯಾತುಂಗ್ ಮತ್ತು ಪಶ್ಚಿಮದ ಗಾರ್ತೋಕ್‌ಗಳಲ್ಲಿ ವಾಣಿಜ್ಯ ಮಂಡಿಗಳನ್ನು ತೆರೆಯಿಸಿತು. ಸೈನ್ಯ ಹಿಂದಿರುಗಿದರೂ ಗ್ಯಾಂತ್ಸೆಯಲ್ಲಿ ಬ್ರಿಟಿಷ್ ವಾಣಿಜ್ಯ ಪ್ರತಿನಿಧಿ, ಅವನಿಗೊಂದು ಸಣ್ಣ ಕಾವಲು ಪಡೆ ಮತ್ತು ಅವರ ಕಾಗದ ಸಾಗಿಸುವ ಅಂಚೆ ಉಳಿದುಕೊಂಡವು.

ಆ ಅಂಚೆ ವಿಶೇಷ ಮುದ್ರೆಯ ಚೀಟಿಗಳನ್ನೇನೂ ಬಳಸಲಿಲ್ಲ. ಬೆಂಗಳೂರಿನಲ್ಲೋ ಮದರಾಸಿನಲ್ಲೋ ಸಿಗುತ್ತಿದ್ದ ಅದೇ ಅಂಚೆ ಚೀಟಿಯನ್ನು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 4,000 ಮೀಟರ್ ಎತ್ತರದ ಗ್ಯಾಂತ್ಸೆಯಲ್ಲೂ ಕಾಗದಕ್ಕೆ ಅಂಟಿಸುತ್ತಿದ್ದರು. ಟಿಬೆಟ್ ಭಾರತದ್ದೆಂದು ಬ್ರಿಟಿಷರು ಎಂದೂ ಹೇಳಲಿಲ್ಲ. ಆದರೆ ಉತ್ತರ ಬಂಗಾಳದ ಗಿರಿಪಟ್ಟಣ ಕಲಿಂಪೊಂಗ್‌ನಿಂದ ಗ್ಯಾಂತ್ಸೆಯವರೆಗಿನ ದಾರಿಯಲ್ಲಿ ಹೋಗುವ ಕಾಗದವನ್ನು ದೇಶದೊಳಗಿನ ಕಾಗದದಂತೆಯೇ ನೋಡಿಕೊಂಡರು.

ಅಂದಿನ ಭಾರತೀಯ ಅಂಚೆಗೆ ಗಡಿಯಾಚೆ ಕಚೇರಿ ತೆರೆಯುವುದು ಹೊಸದಾಗಿರಲಿಲ್ಲ. ಪರ್ಷಿಯಾ ಕೊಲ್ಲಿಯ ಬುಷೈರ್, ಒಮಾನಿನ ಮಸ್ಕತ್, ಆಫ್ರಿಕದ ಜಾಂಜಿಬಾರ್‌ಗಳಲ್ಲೂ ಅದರ ಕಚೇರಿಗಳಿದ್ದವು. ಅಂಚೆಯನ್ನು ಬರಿಯ ಕಾಗದ ಸಾಗಿಸುವ ವ್ಯವಸ್ಥೆ ಎಂದು ಆ ಕಾಲದ ಯಾವ ಆಡಳಿತವೂ ನಂಬಿರಲಿಲ್ಲ. ಈ ಮಾತು ಕನ್ನಡಿಗರಿಗೆ ಹೊಸತಾಗಬೇಕಿಲ್ಲ. ಚಿಕ್ಕದೇವರಾಜ ಒಡೆಯರು ಕಟ್ಟಿದ ಮೈಸೂರು ಅಂಚೆಯ ನೌಕರರು ಓಲೆ ಸಾಗಿಸುವುದರ ಜೊತೆಗೆ ತಮ್ಮ ಸೀಮೆಯ ಗುಟ್ಟಿನ ಸುದ್ದಿಯನ್ನೂ ಅರಮನೆಗೆ ತಲುಪಿಸಬೇಕಾಗಿತ್ತು. ಹೈದರ್ ಅಲಿಯ ಕಾಲದಲ್ಲಿ ಈ ಕೆಲಸ ಇನ್ನಷ್ಟು ಬಿಗಿಯಾಯಿತು. 1889ರಲ್ಲಿ ಆ ಅಂಚೆ ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾದಾಗ ಮೈಸೂರು ಕಳೆದುಕೊಂಡದ್ದು ಓಟದ ಓಲೆಕಾರರನ್ನು ಮಾತ್ರವಲ್ಲ. ಯಾರ ನೆಲದಲ್ಲಿ ಯಾರ ಅಂಚೆ ಓಡಬೇಕೆಂಬ ಪ್ರಶ್ನೆಗೆ ದರದ ಲೆಕ್ಕ ಮುಖ್ಯವಲ್ಲ, ಸುದ್ದಿ ಮೊದಲು ಯಾರ ಕಿವಿಗೆ ಬೀಳಬೇಕೆಂಬುದು ಮುಖ್ಯ.

1908ರ ಎಂಟನೆಯ ಕಲಮು

ಲಾಸಾ ಒಡಂಬಡಿಕೆಗೆ ಚೀನಾ ಸಹಿ ಹಾಕಿರಲಿಲ್ಲ. 1906ರ ಏಪ್ರಿಲ್ 27ರಂದು ಪೀಕಿಂಗ್‌ನಲ್ಲಿ (ಇಂದಿನ ಬೀಜಿಂಗ್) ಆದ ಆಂಗ್ಲ-ಚೀನೀ ಒಪ್ಪಂದದಲ್ಲಿ ಅದು ಲಾಸಾ ಒಡಂಬಡಿಕೆಯನ್ನು ಒಪ್ಪಿಕೊಂಡಿತು, ಮಂಡಿಗಳನ್ನು ಭಾರತಕ್ಕೆ ಜೋಡಿಸುವ ತಂತಿ ಹಾಕುವ ಹಕ್ಕನ್ನೂ ಬ್ರಿಟನ್ನಿಗೆ ಬಿಟ್ಟಿತು. 1907ರ ಆಗಸ್ಟ್ 31ರಂದು ಬ್ರಿಟನ್ ಮತ್ತು ರಷ್ಯಾ ಲಾಸಾಕ್ಕೆ ತಮ್ಮ ಪ್ರತಿನಿಧಿಗಳನ್ನು ಕಳುಹಿಸುವುದಿಲ್ಲವೆಂದು ಪರಸ್ಪರ ಮಾತು ಕೊಟ್ಟವು. ಲಾಸಾ ಒಡಂಬಡಿಕೆ ಟಿಬೆಟ್ಟಿನ ಮೇಲೆ ಹೊರಿಸಿದ್ದ ಯುದ್ಧದ ದಂಡವನ್ನು ಚೀನಾ ಮೂರು ಕಂತುಗಳಲ್ಲಿ ತೀರಿಸಿದ ಮೇಲೆ 1908ರ ಫೆಬ್ರವರಿಯಲ್ಲಿ ಬ್ರಿಟಿಷ್ ಪಡೆ ಚುಂಬಿ ಕಣಿವೆಯನ್ನು ತೆರವು ಮಾಡಿತು. ಹೀಗೆ ರಷ್ಯಾದ ಭಯ ಹಿನ್ನೆಲೆಗೆ ಸರಿದಂತೆ ಚೀನಾದೊಂದಿಗಿನ ಜಗ್ಗಾಟ ಮುನ್ನೆಲೆಗೆ ಬಂತು.

1908ರ ಏಪ್ರಿಲ್ 20ರಂದು ಕಲ್ಕತ್ತೆಯಲ್ಲಿ ಬ್ರಿಟಿಷರ ಪರವಾಗಿ ವಿಲ್ಟನ್, ಚೀನಾದ ಪರವಾಗಿ ಜಾಂಗ್ ಯಿನ್‌ತಾಂಗ್ ಮತ್ತು ಟಿಬೆಟ್ಟಿನ ಪ್ರತಿನಿಧಿಯಾಗಿ ತ್ಸಾರೋಂಗ್ ಶಾಪೆ ಸಹಿ ಹಾಕಿದ ವಾಣಿಜ್ಯ ನಿಯಮಾವಳಿಯಲ್ಲಿ ಈ ಪ್ರಕರಣದ ಬೀಜವಿದೆ. ಅದರ ಎಂಟನೆಯ ಕಲಮಿನ ಪ್ರಕಾರ ವಾಣಿಜ್ಯ ಪ್ರತಿನಿಧಿಗಳು ತಮ್ಮ ಟಪಾಲನ್ನು ಭಾರತದ ಗಡಿಗೂ ಮಂಡಿಗಳಿಗೂ ನಡುವೆ ಸಾಗಿಸಲು ತಮ್ಮದೇ ಹರಕಾರರನ್ನು ಇಟ್ಟುಕೊಳ್ಳಬಹುದು. ಆದರೆ ಟಿಬೆಟ್ಟಿನಲ್ಲಿ ಚೀನಾ ದಕ್ಷವಾದ ಅಂಚೆ ವ್ಯವಸ್ಥೆಯನ್ನು ಏರ್ಪಡಿಸಿದಾಗ ಈ ಹರಕಾರರನ್ನು ನಿಲ್ಲಿಸುವ ವಿಷಯವನ್ನು ಎರಡೂ ಸರ್ಕಾರಗಳು ಪರಿಶೀಲಿಸಬೇಕು. ಚೀನಾದ ತಂತಿ ಗ್ಯಾಂತ್ಸೆ ಮುಟ್ಟಿದಾಗ ಬ್ರಿಟಿಷ್ ತಂತಿಯನ್ನು ಅದಕ್ಕೆ ವಹಿಸಿಕೊಡುವ ಮಾತೂ ಅದೇ ನಿಯಮಾವಳಿಯಲ್ಲಿತ್ತು. ಅಂದರೆ ಅಂಚೆ ನಡೆಸುವುದು ಬ್ರಿಟಿಷರ ಶಾಶ್ವತ ಹಕ್ಕೆಂದು ಅವರೇ ಬರೆದುಕೊಂಡಿರಲಿಲ್ಲ. ಇನ್ನೊಬ್ಬರ ಅಂಚೆ ಬರುವತನಕದ ತಾತ್ಕಾಲಿಕ ಏರ್ಪಾಟೆಂದೇ ಕಾಗದದ ಮೇಲೆ ಒಪ್ಪಿದ್ದರು. ತಾತ್ಕಾಲಿಕ ಎಂಬ ಮಾತು ನಲವತ್ತೇಳು ವರ್ಷ ಬಾಳಿತು.

ಆ ಷರತ್ತನ್ನು ಪೂರೈಸುವ ಮೊದಲ ಪ್ರಯತ್ನ ಬೇಗನೇ ನಡೆಯಿತು. 1910ರ ಫೆಬ್ರವರಿಯಲ್ಲಿ ಚೀನೀ ಪಡೆ ಲಾಸಾ ಪ್ರವೇಶಿಸಿ, ದಲಾಯಿ ಲಾಮಾ ಭಾರತಕ್ಕೆ ಹೊರಟುಬಂದ ಕಾಲದಲ್ಲಿ ಲಾಸಾ, ಶಿಗಾತ್ಸೆ, ಗ್ಯಾಂತ್ಸೆ, ಫಾರಿ, ಯಾತುಂಗ್‌ಗಳಲ್ಲಿ ಚೀನಾದ ಅಂಚೆ ಕಚೇರಿಗಳು ತೆರೆದವು. 1911ರಲ್ಲಿ ಆ ಕಚೇರಿಗಳಿಗಾಗಿ ಚೀನಾ ತನ್ನ ಅಂಚೆ ಚೀಟಿಗಳ ಮೇಲೆ ಹೊಸ ಬೆಲೆ ಮುದ್ರಿಸಿತು. ಆ ಬೆಲೆಯಿದ್ದದ್ದು ಪೈ, ಆಣೆ, ರೂಪಾಯಿಗಳಲ್ಲಿ: ಮೂರು ಪೈ, ಅರ್ಧ ಆಣೆ, ಒಂದು ಆಣೆ, ಹೀಗೆ ಎರಡು ರೂಪಾಯಿಯವರೆಗೆ. ತನ್ನ ಸಾರ್ವಭೌಮತ್ವವನ್ನು ಸಾರಲು ತೆರೆದ ಕಚೇರಿಯಲ್ಲಿ ಡ್ರ್ಯಾಗನ್ ಚಿತ್ರದ ಚೀಟಿಯನ್ನು ಭಾರತದ ಆಣೆಗೆ ಮಾರಬೇಕಾಗಿ ಬಂದದ್ದು, ಆ ದಾರಿಯ ವ್ಯಾಪಾರ ಯಾವ ದಿಕ್ಕಿಗೆ ಮುಖ ಮಾಡಿತ್ತೆಂಬುದನ್ನು ಯಾವ ವರದಿಗಿಂತಲೂ ಚೆನ್ನಾಗಿ ಹೇಳುತ್ತದೆ. ಚಿಂಗ್ ರಾಜವಂಶ ಬಿದ್ದ ಬೆನ್ನಿಗೆ ಚೀನೀ ಪಡೆಗಳನ್ನು ಟಿಬೆಟಿಯನ್ನರು ಹೊರಹಾಕಿದರು. ಆ ಅಂಚೆಯೂ ಅವರೊಂದಿಗೆ ಹೋಯಿತು.

1912ರಿಂದ ಟಿಬೆಟ್ಟಿನ ಸರ್ಕಾರವೇ ಲಾಸಾದಲ್ಲಿ ಸಿಂಹದ ಚಿತ್ರದ ಅಂಚೆ ಚೀಟಿಗಳನ್ನು ಮರದ ಅಚ್ಚಿನಿಂದ ಮುದ್ರಿಸತೊಡಗಿತು. ಟಿಬೆಟ್ ವಿಶ್ವ ಅಂಚೆ ಒಕ್ಕೂಟದ ಸದಸ್ಯ ರಾಷ್ಟ್ರವಾಗಿರಲಿಲ್ಲವಾದ್ದರಿಂದ ಆ ಚೀಟಿ ಹೊರಗೆ ಎಲ್ಲಿಯೂ ನಡೆಯುತ್ತಿರಲಿಲ್ಲ. ಲಾಸಾದಿಂದ ಹೊರದೇಶಕ್ಕೆ ಹೋಗುವ ಕಾಗದಕ್ಕೆ ಗ್ಯಾಂತ್ಸೆ ಅಥವಾ ಫಾರಿಯವರೆಗೆ ಸಿಂಹದ ಚೀಟಿ, ಅಲ್ಲಿಂದ ಮುಂದಕ್ಕೆ ಭಾರತದ ದೊರೆಯ ತಲೆಯಿದ್ದ ಚೀಟಿ ಬೇಕಾಗುತ್ತಿತ್ತು. 1922ರಲ್ಲಿ ಗ್ಯಾಂತ್ಸೆಯಿಂದ ಲಾಸಾಕ್ಕೆ ತಂತಿ ಎಳೆದಾಗಲೂ ಇದೇ ಹೊಂದಾಣಿಕೆ: ಗ್ಯಾಂತ್ಸೆಯವರೆಗೆ ಭಾರತದ ತಂತಿ, ಆಚೆಗೆ ಟಿಬೆಟ್ಟಿನದು. 1920ರ ದಶಕದ ಎವರೆಸ್ಟ್ ಆರೋಹಣ ತಂಡಗಳ ಕಾಗದಗಳೂ ಶಿಬಿರದಿಂದ ಓಟದವರ ಹೆಗಲೇರಿ ಫಾರಿಗೆ ಬಂದು ಅಲ್ಲಿಂದ ಹೊರಜಗತ್ತಿಗೆ ಹೋದವು. ಕಲಿಂಪೊಂಗ್‌ಗೆ ಉಣ್ಣೆ ಕಳುಹಿಸುವ ವ್ಯಾಪಾರಿಗಾಗಲಿ ಗ್ಯಾಂತ್ಸೆಯ ಕಾವಲು ಪಡೆಯ ಸಿಪಾಯಿಗಾಗಲಿ ಇದು ರಾಜತಂತ್ರದ ವಿಷಯವಾಗಿರಲಿಲ್ಲ. ಮನೆಯ ಸುದ್ದಿ ತಿಳಿಯಲು ಇದ್ದದ್ದು ಅದೊಂದೇ ದಾರಿ.

ಚೀನಾದ ನೆನಪಿನಲ್ಲಿದ್ದ ಗಾಯ

ಪರದೇಶದವರು ನಡೆಸುವ ಅಂಚೆ ಕಚೇರಿಯೆಂದರೆ ಚೀನಾಕ್ಕೆ ಏಕೆ ಅಷ್ಟು ಅಸಹ್ಯವೆಂಬುದನ್ನು ಅರ್ಥ ಮಾಡಿಕೊಳ್ಳಲು ಟಿಬೆಟ್ಟಿನಿಂದ ಸ್ವಲ್ಪ ದೂರ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶಾಂಘಾಯ್ ಮೊದಲಾದ ಬಂದರುಗಳಲ್ಲಿ ಬ್ರಿಟನ್, ಫ್ರಾನ್ಸ್, ಅಮೆರಿಕ, ಜಪಾನ್, ಜರ್ಮನಿ, ರಷ್ಯಾಗಳು ತಮ್ಮ ತಮ್ಮ ಅಂಚೆ ಕಚೇರಿಗಳನ್ನು ತೆರೆದುಕೊಂಡಿದ್ದವು. ಚೀನಾ ತನ್ನದೇ ರಾಷ್ಟ್ರೀಯ ಅಂಚೆಯನ್ನು 1896ರಲ್ಲಿ ಸ್ಥಾಪಿಸಿತು, 1914ರಲ್ಲಿ ವಿಶ್ವ ಅಂಚೆ ಒಕ್ಕೂಟವನ್ನೂ ಸೇರಿತು. ಆದರೂ ಪರದೇಶಿ ಕಚೇರಿಗಳು ಜಗ್ಗಲಿಲ್ಲ. ಅವು ಆದಾಯವನ್ನು ಕಸಿಯುತ್ತವೆ, ಸುಂಕ ತಪ್ಪಿಸಿದ ಸರಕಿಗೂ ಮಾದಕ ವಸ್ತುಗಳಿಗೂ ಕಳ್ಳದಾರಿಯಾಗುತ್ತವೆ ಎಂಬುದು ಚೀನಾದ ದೂರು.

ಕಡೆಗೆ 1922ರ ಫೆಬ್ರವರಿ 1ರಂದು ವಾಷಿಂಗ್ಟನ್ ಸಮ್ಮೇಳನ ಈ ಕಚೇರಿಗಳನ್ನು 1923ರ ಜನವರಿ 1ರೊಳಗೆ ಮುಚ್ಚಲು ತೀರ್ಮಾನಿಸಿತು. ಗುತ್ತಿಗೆ ಪ್ರದೇಶಗಳಿಗೆ ವಿನಾಯಿತಿ ಇತ್ತು. ಎರಡು ಷರತ್ತುಗಳೂ ಇದ್ದವು: ಚೀನಾದ ಅಂಚೆ ದಕ್ಷವಾಗಿ ನಡೆಯಬೇಕು, ಅದರ ಆಡಳಿತದಲ್ಲಿದ್ದ ವಿದೇಶಿ ಸಹ-ಮಹಾನಿರ್ದೇಶಕನ ಸ್ಥಾನಮಾನವನ್ನು ಬದಲಿಸುವ ಇರಾದೆಯಿಲ್ಲವೆಂದು ಚೀನಾ ಭರವಸೆ ಕೊಡಬೇಕು. ತನ್ನ ಮನೆಯ ಕಾಗದವನ್ನು ತಾನೇ ಸಾಗಿಸಿಕೊಳ್ಳಲು ಅನ್ಯರ ಯೋಗ್ಯತಾಪತ್ರ ಬೇಕಾಯಿತೆಂಬ ಅವಮಾನ ಆ ತಲೆಮಾರಿನ ಚೀನೀಯರಿಗೆ ಮರೆಯುವಂಥದ್ದಾಗಿರಲಿಲ್ಲ. 1908ರ ಕಲಮಿನಲ್ಲಿದ್ದ ‘ದಕ್ಷ ಅಂಚೆ’ಯ ಷರತ್ತೇ ಇಲ್ಲಿಯೂ ಮರುಕಳಿಸಿರುವುದು ಗಮನಾರ್ಹ. ಟಿಬೆಟ್ಟಿನಲ್ಲಿ ಆಗ ಚೀನಾದ ಆಡಳಿತವೇ ಇಲ್ಲದಿದ್ದುದರಿಂದ ಗ್ಯಾಂತ್ಸೆಯ ಅಂಚೆಗೆ ವಾಷಿಂಗ್ಟನ್ ತೀರ್ಮಾನದ ಬಿಸಿ ತಟ್ಟಲಿಲ್ಲ. ಮೂವತ್ತು ವರ್ಷಗಳ ನಂತರ ಪೀಕಿಂಗ್‌ನಲ್ಲಿ ಮೇಜಿನ ಆಚೆ ಬದಿಯಲ್ಲಿ ಕುಳಿತವರಿಗೆ ಮಾತ್ರ ಅದು ಅದೇ ಹಳೆಯ ಪಟ್ಟಿಯಲ್ಲಿ ಅಳಿಸದೆ ಉಳಿದುಹೋಗಿದ್ದ ಒಂದು ಸಾಲಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಸಂಧಾನ

1947ರ ಆಗಸ್ಟ್ 15ರಂದು ಲಾಸಾದ ಬ್ರಿಟಿಷ್ ನಿಯೋಗ ಭಾರತದ ನಿಯೋಗವಾಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಹ್ಯೂ ರಿಚರ್ಡ್‌ಸನ್ ಅವರೇ 1950ರವರೆಗೆ ಭಾರತದ ಪ್ರತಿನಿಧಿಯಾಗಿ ಮುಂದುವರಿದರು. ಅಂಚೆ ಕಚೇರಿಗಳಲ್ಲಂತೂ ಬೋರ್ಡಿನ ಹೆಸರು ಬದಲಾದದ್ದು ಬಿಟ್ಟರೆ ಬೇರೇನೂ ಬದಲಾಗಿರಲಾರದು.

1950ರ ಅಕ್ಟೋಬರ್‌ನಲ್ಲಿ ಚೀನಾದ ಸೇನೆ ಟಿಬೆಟ್ ಪ್ರವೇಶಿಸಿದ ಮೇಲೆ ಈ ಎಲ್ಲವೂ ಒಮ್ಮೆಗೇ ಇಕ್ಕಟ್ಟಿಗೆ ಸಿಕ್ಕಿತು. ನವೆಂಬರ್ 7ರಂದು ಸರ್ದಾರ್ ಪಟೇಲರು ನೆಹರು ಅವರಿಗೆ ಬರೆದ ಪತ್ರದಲ್ಲಿ ತುರ್ತಾಗಿ ಯೋಚಿಸಬೇಕಾದ ವಿಷಯಗಳ ಸಾಲಿನಲ್ಲಿ ಲಾಸಾ ನಿಯೋಗ, ಗ್ಯಾಂತ್ಸೆ ಮತ್ತು ಯಾತುಂಗ್‌ಗಳ ವಾಣಿಜ್ಯ ಠಾಣೆಗಳು ಮತ್ತು ಅಲ್ಲಿನ ಕಾವಲು ಪಡೆಗಳ ಭವಿಷ್ಯವನ್ನೂ ಸೇರಿಸಿದ್ದರು. ನೆಹರು ಅವರ ನಿಲುವು ಬೇರೆಯಾಗಿತ್ತು. ಬ್ರಿಟಿಷರಿಂದ ಬಂದ ಹಕ್ಕುಗಳಲ್ಲಿ ಇನ್ನೊಂದು ದೇಶದ ನೆಲದ ಮೇಲಿನ ಅಧಿಕಾರದ ಛಾಯೆಯಿರುವುದನ್ನೆಲ್ಲ ಇಟ್ಟುಕೊಳ್ಳುವ ಇಷ್ಟ ಭಾರತಕ್ಕಿಲ್ಲ, ಇಟ್ಟುಕೊಳ್ಳುವ ಶಕ್ತಿಯೂ ಇಲ್ಲ ಎಂಬುದು ಅವರ ಎಣಿಕೆ. ಎರಡನೆಯ ಕಾರಣವನ್ನು ನಾವು ಕಡಿಮೆ ನೆನೆಯುತ್ತೇವೆ. ಬೇಸಿಗೆಯಲ್ಲೂ ಹೇಸರಗತ್ತೆಯ ಮೇಲೆ ಸಾಮಾನು ಹೊರಿಸಬೇಕಾದ ದಾರಿಯ ತುದಿಯಲ್ಲಿ, ಸುತ್ತಲೂ ಬೇರೊಂದು ದೇಶದ ಸೇನೆಯಿರುವಾಗ, ಕೈಬೆರಳೆಣಿಕೆಯ ಸಿಪಾಯಿಗಳು ಯಾರನ್ನು ಕಾಯಬಲ್ಲರು?

ಇದೇ ಹೊತ್ತಿಗೆ ಆ ದಾರಿ ಚೀನಾಕ್ಕೂ ಬೇಕಾಗಿತ್ತೆಂಬುದು ಈ ಪ್ರಕರಣದ ವಿಚಿತ್ರ. ಟಿಬೆಟ್ಟನ್ನು ಚೀನಾದ ಭಾಗವೆಂದು ಒಪ್ಪಿಸಿದ ಹದಿನೇಳು ಅಂಶಗಳ ಒಪ್ಪಂದವಾದ ಮೇಲೆ, ಯಾತುಂಗ್‌ನಲ್ಲಿ ತಂಗಿದ್ದ ಹದಿನಾಲ್ಕನೆಯ ದಲಾಯಿ ಲಾಮಾ ಅವರನ್ನು ಕಾಣಲು ಚೀನಾದ ಪ್ರತಿನಿಧಿ ಜನರಲ್ ಜಾಂಗ್ ಜಿಂಗ್‌ವು 1951ರ ಜುಲೈಯಲ್ಲಿ ಬಂದದ್ದು ಭಾರತದ ಮೂಲಕವೇ, ಕಲಿಂಪೊಂಗ್‌ನ ದಾರಿಯಲ್ಲೇ. ಲಾಸಾದಲ್ಲಿ ಸೇನೆಗೆ ಆಹಾರ ಸಾಲದಾದಾಗ ಕಲ್ಕತ್ತೆಯ ಮೂಲಕ ಅಕ್ಕಿ ಸಾಗಿಸಲೂ ಭಾರತ ಅವಕಾಶ ಕೊಟ್ಟಿತು. ಪೀಕಿಂಗ್‌ನಿಂದ ಲಾಸಾಕ್ಕೆ ನೇರ ರಸ್ತೆಯಾಗುವವರೆಗೆ ಭಾರತದ ಅಂಚೆ ತಂತಿಗಳ ದಾರಿಯನ್ನು ಮುಚ್ಚಿಸುವ ಅವಸರ ಚೀನಾಕ್ಕೆ ಇರಬೇಕಾದ ಕಾರಣವಿರಲಿಲ್ಲ. ಆದರೆ ಪರರ ತಂತಿಯಲ್ಲಿ ತನ್ನ ಸೀಮೆಯ ಸುದ್ದಿ ಹರಿಯುವುದನ್ನು ಅದು ಸಹಿಸುವಂತೆಯೂ ಇರಲಿಲ್ಲ.

ಮಾತುಕತೆ 1953ರ ಡಿಸೆಂಬರ್ 31ರಂದು ಪೀಕಿಂಗ್‌ನಲ್ಲಿ ಆರಂಭವಾಯಿತು. ಭಾರತದ ಪರವಾಗಿ ರಾಯಭಾರಿ ಎನ್. ರಾಘವನ್, ಟಿ.ಎನ್. ಕೌಲ್ ಮತ್ತು ಕೆ. ಗೋಪಾಲಾಚಾರಿ ಇದ್ದರು. ಬೇಗ ಮುಗಿದೀತೆಂದುಕೊಂಡ ಸಂಧಾನ ನಾಲ್ಕು ತಿಂಗಳು ಎಳೆಯಿತು. 1954ರ ಏಪ್ರಿಲ್ 29ರಂದು ರಾಘವನ್ ಮತ್ತು ಜಾಂಗ್ ಹಾನ್‌ಫು ಸಹಿ ಹಾಕಿದ ಒಪ್ಪಂದ, ಅದರ ಪೀಠಿಕೆಯಲ್ಲಿದ್ದ ಪಂಚಶೀಲದಿಂದಾಗಿ ಎಲ್ಲರಿಗೂ ಗೊತ್ತಿದೆ. ಅಂಚೆಯ ವಿಷಯವಿದ್ದದ್ದು ಒಪ್ಪಂದದಲ್ಲಲ್ಲ, ಅದರ ಜೊತೆಗೆ ವಿನಿಮಯವಾದ ಪತ್ರಗಳಲ್ಲಿ. ಆರು ತಿಂಗಳೊಳಗೆ ಯಾತುಂಗ್, ಗ್ಯಾಂತ್ಸೆಗಳ ಕಾವಲು ಪಡೆಯನ್ನು ಹಿಂತೆಗೆದುಕೊಳ್ಳುವುದು, ಅಂಚೆ, ತಂತಿ, ದೂರವಾಣಿಗಳನ್ನೂ ಹನ್ನೆರಡು ವಿಶ್ರಾಂತಿಗೃಹಗಳನ್ನೂ ಬೆಲೆಗೆ ವಹಿಸಿಕೊಡುವುದು, ಅದರ ವಿವರಗಳನ್ನು ಮುಂದಿನ ಮಾತುಕತೆಯಲ್ಲಿ ತೀರ್ಮಾನಿಸುವುದು ಎಂದು ಅಲ್ಲಿ ಬರೆದಿತ್ತು. ಡಾಕ್ ಬಂಗಲೆಗಳೆಂದು ಕರೆಯುತ್ತಿದ್ದ ಈ ವಿಶ್ರಾಂತಿಗೃಹಗಳೂ ಅಂಚೆಯ ಜೊತೆಗೇ ಹೋದದ್ದು ಸಹಜವೇ. ಟಪಾಲಿನ ದಾರಿಗೆ ಹೊಂದಿಕೊಂಡೇ ಹುಟ್ಟಿದ ಮನೆಗಳೆಂದು ಅವುಗಳ ಹೆಸರೇ ಹೇಳುತ್ತದೆ.

ಒಪ್ಪಂದದ ಒಳಗಿದ್ದ ಇನ್ನೊಂದು ಅಂಶವನ್ನು ಇದರೊಂದಿಗೆ ಸೇರಿಸಿ ಓದಬೇಕು. ಭಾರತಕ್ಕೆ ಯಾತುಂಗ್, ಗ್ಯಾಂತ್ಸೆ, ಗಾರ್ತೋಕ್‌ಗಳಲ್ಲೂ ಚೀನಾಕ್ಕೆ ದೆಹಲಿ, ಕಲ್ಕತ್ತೆ, ಕಲಿಂಪೊಂಗ್‌ಗಳಲ್ಲೂ ವಾಣಿಜ್ಯ ಪ್ರತಿನಿಧಿ ಕಚೇರಿಗಳಿಗೆ ಅವಕಾಶ ಸಿಕ್ಕಿತು. ಆ ಕಚೇರಿಗಳ ಹರಕಾರರಿಗೆ, ಟಪಾಲು ಚೀಲಗಳಿಗೆ, ಸಂಕೇತ ಭಾಷೆಯ ಸಂದೇಶಗಳಿಗೆ ವಿಶೇಷ ರಕ್ಷಣೆ ಇತ್ತು. ಹೀಗೆ ಸರ್ಕಾರಗಳು ತಮ್ಮ ತಮ್ಮ ಕಿವಿಗಳಿಗೆ ಬೇಕಾದ ದಾರಿಯನ್ನು ಉಳಿಸಿಕೊಂಡವು. ಯಾರು ಬೇಕಾದರೂ ಹೋಗಿ ಕಾಗದ ಹಾಕಬಹುದಾಗಿದ್ದ ಕಿಟಕಿ ಮಾತ್ರ ಕೈಬದಲಾಯಿತು. ನನ್ನ ಆಕ್ಷೇಪವೇನಾದರೂ ಇದ್ದರೆ ಇಲ್ಲಿಯೇ ಇದೆ. ಮುಚ್ಚಿದ್ದು ತಪ್ಪಲ್ಲ. ಆದರೆ ಈ ಅಂಚೆಯನ್ನು ಎರಡೂ ಸರ್ಕಾರಗಳು ಅಧಿಕಾರದ ಗುರುತು ಎಂದಷ್ಟೇ ಲೆಕ್ಕ ಹಾಕಿದವು. ಅದನ್ನು ನಿತ್ಯ ಬಳಸುತ್ತಿದ್ದ ಟಿಬೆಟಿಯನ್ನರಿಗೆ ಆ ಮೇಜಿನ ಬಳಿ ಜಾಗವಿರಲಿಲ್ಲ. 1908ರ ಕಾಗದದಲ್ಲಿ, ಚೀನಾದ ಪ್ರತಿನಿಧಿಯ ನೆರಳಿನಲ್ಲಾದರೂ, ಒಬ್ಬ ಟಿಬೆಟಿಯನ್ನನ ಸಹಿಯಿತ್ತು. 1954ರಲ್ಲಿ ಅದೂ ಇರಲಿಲ್ಲ.

ಹಸ್ತಾಂತರ ಮತ್ತು ಆಮೇಲೆ

ಪತ್ರ ವಿನಿಮಯಕ್ಕೂ ಹಸ್ತಾಂತರಕ್ಕೂ ನಡುವಿನ ಹನ್ನೊಂದು ತಿಂಗಳುಗಳಲ್ಲಿ ಎರಡು ಘಟನೆಗಳು ನಡೆದವು. 1954ರ ಜುಲೈಯಲ್ಲಿ ಗ್ಯಾಂತ್ಸೆಗೆ ಬಂದ ಭಾರೀ ಪ್ರವಾಹ ಭಾರತದ ವಾಣಿಜ್ಯ ಪ್ರತಿನಿಧಿಯ ಕಟ್ಟಡಗಳನ್ನು ಕೊಚ್ಚಿಕೊಂಡು ಹೋಯಿತು. ಬಹಳ ಜನ ಸತ್ತರು. ಅದೇ ವರ್ಷ ಡಿಸೆಂಬರ್ 25ರಂದು ಸಿಚುವಾನ್ ಮತ್ತು ಚಿಂಗ್‌ಹಾಯ್‌ಗಳಿಂದ ಲಾಸಾಕ್ಕೆ ಕಟ್ಟಿದ ಎರಡು ಹೆದ್ದಾರಿಗಳು ಸಂಚಾರಕ್ಕೆ ತೆರೆದವು. ಮೊದಲನೆಯದು ಪ್ರಕೃತಿಯ ಆಟ. ಎರಡನೆಯದರ ಪರಿಣಾಮ ದೊಡ್ಡದು: ಟಿಬೆಟ್ಟಿನ ಟಪಾಲು ಲಾರಿಯಲ್ಲಿ ಪೂರ್ವಕ್ಕೆ ಹೋಗುವುದು ಮೊದಲ ಸಲ ಸಾಧ್ಯವಾಯಿತು. 1908ರ ಕಲಮು ಕೇಳಿದ್ದ ‘ದಕ್ಷ ಅಂಚೆ’ಗೆ ಬೇಕಾದ ನೆಲೆ ಕಡೆಗೂ ಸಿದ್ಧವಾಗಿತ್ತು. ಮೂರು ತಿಂಗಳು ಕಳೆದು ಏಪ್ರಿಲ್ 1 ಬಂತು. ದಿನಾಂಕಗಳ ಈ ಸಾಮೀಪ್ಯ ಯೋಜಿತವೋ ಆಕಸ್ಮಿಕವೋ, ಏಲಂ ಹಾಕಿದರೂ ಮುಂದೆ ಯಾರೂ ಕೊಳ್ಳದ ಸರಕನ್ನು ಭಾರತ ಉಚಿತವಾಗಿ ಕೊಟ್ಟಿತೆಂಬುದನ್ನಂತೂ ಅದು ತೋರಿಸುತ್ತದೆ. ದಾಳವನ್ನು ಕೈಬಿಟ್ಟರೆಂಬ ವಾದ ಇಲ್ಲಿ ಸೋಲುತ್ತದೆ. ಸದ್ಭಾವನೆಯಿಂದ ಸದ್ಭಾವನೆ ಹುಟ್ಟುತ್ತದೆಂಬ ನಿರೀಕ್ಷೆಯೂ ಗೆಲ್ಲಲಿಲ್ಲ.

ಗ್ಯಾಂತ್ಸೆಯಲ್ಲಿ ಕೊಚ್ಚಿಹೋದ ಕಟ್ಟಡವನ್ನು ಮತ್ತೆ ಕಟ್ಟಲು ಜಾಗದ ಗುತ್ತಿಗೆ, ಸಾಮಗ್ರಿಗಳ ವಿಷಯದಲ್ಲಿ ಅಡ್ಡಿಯಾಗುತ್ತಿದೆ ಎಂಬ ಭಾರತದ ದೂರುಗಳು 1959ರಿಂದ ಪ್ರಕಟವಾದ ಶ್ವೇತಪತ್ರಗಳಲ್ಲಿ ಪುಟ ಪುಟ ಸಿಗುತ್ತವೆ. ಕಲಿಂಪೊಂಗ್ ಗೂಢಚಾರರ ಬೀಡಾಗಿದೆ ಎಂಬುದು ಚೀನಾದ ಪ್ರತಿದೂರು. ಅಂಚೆ ಕಚೇರಿಗಳು ಹೋದರೂ ಅವುಗಳ ಸುತ್ತ ಇದ್ದ ಅನುಮಾನ ಹೋಗದೆ, ಉಳಿದಿದ್ದ ಕೆಲವೇ ವಾಣಿಜ್ಯ ಕಚೇರಿಗಳ ಮೇಲೆ ಬಂದು ಕುಳಿತಿತು. ಎಂಟು ವರ್ಷಗಳ ಅವಧಿಯ 1954ರ ಒಪ್ಪಂದ 1962ರ ಜೂನ್‌ನಲ್ಲಿ ನವೀಕರಣವಾಗದೆ ಬಿದ್ದುಹೋಯಿತು. ವಾಣಿಜ್ಯ ಪ್ರತಿನಿಧಿಗಳು ಹಿಂದಿರುಗಿದರು. ಅದೇ ಅಕ್ಟೋಬರ್‌ನಲ್ಲಿ ಯುದ್ಧ ಆರಂಭವಾಯಿತು. ಸಿಕ್ಕಿಂ ಗಡಿಯ ನಾಥು ಲಾ ಮತ್ತು ಜೆಲೆಪ್ ಲಾ ಕಣಿವೆಗಳ ದಾರಿ ಮುಚ್ಚಿತು.

ಅಷ್ಟರಲ್ಲಿ ಆ ಅಂಚೆಯ ಬಳಕೆದಾರರಲ್ಲಿ ಬಹಳ ಮಂದಿ ಬೆಟ್ಟದ ಈ ಬದಿಗೆ ಬಂದಿದ್ದರು. 1959ರ ಮಾರ್ಚ್‌ನ ದಂಗೆಯ ನಂತರ ದಲಾಯಿ ಲಾಮಾ ಅವರ ಹಿಂದೆ ಬಂದವರಿಗೆ ನೆಲೆ ಕೊಟ್ಟ ಮೊದಲ ದೊಡ್ಡ ವಸತಿಗಳಲ್ಲಿ ಮೈಸೂರು ಜಿಲ್ಲೆಯ ಬೈಲಕುಪ್ಪೆಯೂ ಒಂದು. ಅಲ್ಲಿಂದ ಲಾಸಾಕ್ಕೆ ಕಾಗದ ಬರೆಯುವವರಿಗೆ ಅರ್ಧ ಆಣೆಯ ಚೀಟಿ ಸಾಕಾಗುತ್ತಿದ್ದ ಕಾಲ ಮುಗಿದಿತ್ತು. ಎಷ್ಟೋ ವರ್ಷಗಳ ನಂತರ ನಾಥು ಲಾ ಗಡಿಯ ಶೆರಥಾಂಗ್‌ನಲ್ಲಿ ವಾರಕ್ಕೆ ಎರಡು ದಿನ, ಗುರುವಾರ ಮತ್ತು ಭಾನುವಾರ, ಎರಡು ದೇಶಗಳ ಅಂಚೆಯವರು ಬೆಳಿಗ್ಗೆ ಭೇಟಿಯಾಗಿ ಚೀಲ ಬದಲಿಸಿಕೊಳ್ಳುವ ಏರ್ಪಾಟು ನಡೆಯಿತು. ಕೆಲವೇ ನಿಮಿಷಗಳ ಕೆಲಸ. ಆ ಚೀಲಗಳಲ್ಲಿ ಹೆಚ್ಚಾಗಿ ಇರುತ್ತಿದ್ದುದು ಭಾರತದಲ್ಲಿರುವ ಟಿಬೆಟಿಯನ್ನರು ಮತ್ತು ಆಚೆ ಉಳಿದ ಅವರ ಬಂಧುಗಳು ಒಬ್ಬರಿಗೊಬ್ಬರು ಬರೆದ ಕಾಗದಗಳು.